ಮುತ್ತಜ್ಜನ ದಾಖಲೆಗೆ ಮೊದಲು ಅವರ ತಾಯಿಯ ತವರು ಕೇಳಿ

ಮುತ್ತಜ್ಜ ಚಿಕ್ಕೋಡಿ ಕಡೆಯವರು, ಊರೂ ಗೊತ್ತು, ಆದರೆ ಅವರು ಹುಟ್ಟಿದ ದಾಖಲೆ ಮಾತ್ರ ಅಲ್ಲಿ ಸಿಗುತ್ತಿಲ್ಲ ಅಂದಿರಿ. ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ಮುತ್ತಜ್ಜನ ತಾಯಿಯ ತವರು ಯಾವುದು? ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆ ಇವತ್ತಿಗೂ ರೂಢಿ. ಹಾಗಾಗಿ ಹುಟ್ಟು ಒಂದು ಊರಿನ ಪುಸ್ತಕದಲ್ಲಿ, ಸಾವು ಇನ್ನೊಂದು ಊರಿನ ಪುಸ್ತಕದಲ್ಲಿ ಇರುವುದು ಸಾಮಾನ್ಯ.

ಮಹಾರಾಷ್ಟ್ರದ ಗಡಿಯಲ್ಲಿ ಇದು ಇನ್ನೂ ಗೋಜಲು. ನಾವು ಬೀಗತನ ಮಾಡುವಾಗ ಗಡಿ ನೋಡುವುದಿಲ್ಲ. ಜತ್ತ, ಗಡಹಿಂಗ್ಲಜ, ಅಕ್ಕಲಕೋಟೆಯಿಂದ ಸೊಸೆ ತರುತ್ತೇವೆ, ಅಲ್ಲಿಗೆ ಮಗಳನ್ನು ಕೊಡುತ್ತೇವೆ. 1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಯಪುರ ಎರಡೂ ಮುಂಬೈ ರಾಜ್ಯದಲ್ಲೇ ಇದ್ದವಲ್ವಾ? ಆಗ ಬೆಳಗಾವಿ ಜಿಲ್ಲೆಯಲ್ಲಿದ್ದ ಚಂದಗಡ ಈಗ ಕೊಲ್ಹಾಪುರ ಜಿಲ್ಲೆಯಲ್ಲಿದೆ. ಅದಕ್ಕೂ ಮೊದಲು ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, ಬೆಳಗಾವಿಗೆ ಅಂಟಿಕೊಂಡ ಶಹಾಪುರ ಸಾಂಗಲಿ ಸಂಸ್ಥಾನದ್ದು. ಜಮಖಂಡಿ, ಮುಧೋಳ, ರಾಮದುರ್ಗಕ್ಕೆ ಬೇರೆ ಬೇರೆ ಅರಸರು. ಆ ವರ್ಷ ಆ ಊರು ಯಾರ ಕೈಯಲ್ಲಿತ್ತು ಅಂತ ತಿಳಿಯದೆ ಕಚೇರಿಗೆ ಹೋದರೆ ಸುಮ್ನೆ ಅಲೆದಾಟ.

ಹಳೆ ಪುಸ್ತಕ ಸಿಕ್ಕರೂ ಮಗುವಿನ ಹೆಸರು ಇರದೇ ಇರಬಹುದು. ತೊಟ್ಟಿಲಿಗೆ ಹಾಕುವ ಮೊದಲೇ ಬರೆಸಿದ್ದರೆ ‘ಗಂಡು’ ಅಂತಷ್ಟೇ ಇರುತ್ತದೆ. ತಂದೆಯ ಹೆಸರಿನಿಂದ ಹುಡುಕಿ. ಕೆಲವು ಪುಟ ಮೋಡಿಯಲ್ಲಿ, ಅಂದರೆ ಮರಾಠಿ ಬರೆಯುತ್ತಿದ್ದ ಹಳೆ ಕೂಡುಬರಹದ ಲಿಪಿಯಲ್ಲಿರುತ್ತವೆ, ಅದನ್ನು ಓದಬಲ್ಲವರು ಬೇಕು. ಜನನ ಮರಣ ನೋಂದಣಿ ಕಾಯ್ದೆಯೇ 1969ರದ್ದು. ಅದಕ್ಕಿಂತ ಹಿಂದಿನ ಎಲ್ಲ ಹುಟ್ಟು ಸಾವೂ ಕಾಗದಕ್ಕೆ ಬಂದಿಲ್ಲ. ಶಾಲೆ ರಿಜಿಸ್ಟರಿನಲ್ಲಿ ಜೂನ್ 1 ಅಂತ ಇದ್ದರೆ ಅದನ್ನೇ ನಂಬಬೇಡಿ. ಎಷ್ಟೋ ಮಕ್ಕಳಿಗೆ ಆ ತಾರೀಖು ಹಾಕಿದವರು ಮಾಸ್ತರರು.

ಹೊಲ ಇದ್ದ ಮನೆತನವಾದರೆ ಹಳೆ ಉತಾರ (ಪಹಣಿ) ಮತ್ತು ವಾರಸಾ (ವಾರಸುದಾರರ) ನೋಂದಣಿ ತೆಗೆಸಿ. ಯಜಮಾನ ತೀರಿಕೊಂಡ ಮೇಲೆ ಹೊಲ ಯಾರ್ಯಾರ ಹೆಸರಿಗೆ ಬಂತು ಅಂತ ಅದರಲ್ಲಿ ಇರುತ್ತದೆ. ನನ್ನ ಪ್ರಕಾರ ಮರಣ ದಾಖಲೆಗಿಂತ ಇದೇ ಜಾಸ್ತಿ ಉಪಯೋಗ. ಆದರೆ ಹೆಣ್ಣುಮಕ್ಕಳನ್ನು ಬಹಳ ಕಡೆ ಬಿಟ್ಟುಬಿಟ್ಟಿದ್ದಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನು ಹೆಳವರು. ಇವರ ಬಗ್ಗೆ ನಿಮ್ಮ ಕಡೆ ಕೇಳಿರಲಿಕ್ಕಿಲ್ಲ. ನಮ್ಮಲ್ಲಿ ಹಲವು ಒಕ್ಕಲು ಮನೆತನಗಳಿಗೆ ತಲೆತಲಾಂತರದಿಂದ ಗೊತ್ತಾದ ಹೆಳವರಿದ್ದಾರೆ. ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ಅಂಗಳದಲ್ಲಿ ನಿಂತು ಮೂಲ ಪುರುಷನಿಂದ ಹಿಡಿದು ವಂಶ ಹೇಳುತ್ತಾರೆ. ಯಾವ ಊರಿಂದ ಬಂದವರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ತಮ್ಮ ಹೊತ್ತಿಗೆಯಲ್ಲಿ ಬರೆದುಕೊಳ್ಳುತ್ತಾರೆ. ಮನೆಯವರು ಕಾಳು, ಬಟ್ಟೆ, ಹಣ ಕೊಡುತ್ತಾರೆ. ಸರಕಾರದ ಪುಸ್ತಕ ಶುರುವಾಗುವ ಎಷ್ಟೋ ಮೊದಲಿನ ಹೆಸರು ಇವರ ಹತ್ತಿರ ಇರುತ್ತವೆ. ವರ್ಷ, ತಾರೀಖು ಮಾತ್ರ ಇವರಿಂದ ನಿರೀಕ್ಷಿಸಬೇಡಿ.

ನಿಮ್ಮ ಅಡ್ಡಹೆಸರಿನವರು ಆ ಊರಲ್ಲಿ ಇನ್ನೂ ಯಾರಾದರೂ ಇದ್ದರೆ, ನಿಮ್ಮ ಮನೆತನದ ಹೆಳವರು ಯಾವ ಊರಿನವರು, ಮತ್ತೆ ಯಾವಾಗ ಬರುತ್ತಾರೆ ಅಂತ ಅವರನ್ನು ಕೇಳಿ. ಬಂದ ದಿನ ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಲಿ.