ಮಗುವಿನ ದೀಕ್ಷಾಸ್ನಾನ, ತಂದೆಯ ಸಂದೇಹ

ಸಮಾಲೋಚನೆಗೆಂದು ಪತ್ನಿಯೊಡನೆ ನನ್ನ ಬಳಿ ಬಂದವರು ದಾವಣಗೆರೆಯ ಖಾಸಗಿ ಶಾಲೆಯೊಂದರ ಶಿಕ್ಷಕರು; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ಮನೆಯವರು ಅಜ್ಜನ ಕಾಲದಿಂದಲೂ ದಕ್ಷಿಣ ಭಾರತ ಸಭೆ ಎಂಬ ಚರ್ಚಿಗೆ, ಅಂದರೆ ಸಿ.ಎಸ್.ಐ.ಗೆ ಸೇರಿದವರು. ಮಗಳ ದೀಕ್ಷಾಸ್ನಾನ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ, ಕ್ರಿಸ್‌ಮಸ್‌ಗೆ ಮುಂಚೆ ಆಗಲೇಬೇಕೆಂದು ಶಿಕ್ಷಕರ ತಾಯಿಯ ಒತ್ತಾಯ. ಇವರಿಗೋ, ನಂಬಿಕೆಯನ್ನು ಬಾಯಿಬಿಟ್ಟು ಹೇಳಲಾರದ ಕೂಸಿಗೆ ದೀಕ್ಷೆ ಕೊಡುವುದೇ ತಪ್ಪು ಎನ್ನಿಸಿದೆ. ಸಂಜೆಯ ಪ್ರಾರ್ಥನೆಗೆ ಹೋಗುತ್ತಿದ್ದ, ಇನ್ನೊಂದು ಕ್ರೈಸ್ತ ಪಂಥವಾದ ಪೆಂಟೆಕೋಸ್ಟಲ್ ಸಭೆಯವರು, ನಿಮಗೆ ಶಿಶುವಾಗಿದ್ದಾಗ ಆದದ್ದು ದೀಕ್ಷೆಯೇ ಅಲ್ಲ ಎಂದು ಹೇಳಿ, ಹರಿಹರದ ತುಂಗಭದ್ರೆಯಲ್ಲಿ ಮುಳುಗಿಸಲು ದಿನವನ್ನೂ ಗೊತ್ತುಮಾಡಿದ್ದರು.

ಧಾರ್ಮಿಕ ಬೋಧನೆಯ ತಕರಾರಿನ ಹಿಂದೆ ಯಾವುದೋ ಮನನೋವು ಇದ್ದೇ ಇರುತ್ತದೆ ಎಂದು ಸಮಾಲೋಚನೆಯ ನಮ್ಮ ವೃತ್ತಿಯವರು ಊಹಿಸುವುದುಂಟು. ಕೇಳಿ ನೋಡಿದೆ, ಇರಲಿಲ್ಲ. ಅವರ ತಂದೆ ಹಾಸಿಗೆ ಹಿಡಿದಾಗ ಸಿ.ಎಸ್.ಐ.ಯ ಸಭಾಪಾಲಕರು (ಪಾದ್ರಿಗಳು) ವಾರವಾರವೂ ಬಂದು ಹೋಗಿದ್ದರು. ಇದು ನಿಜವಾಗಿಯೂ ಬೋಧನೆಯ ಪ್ರಶ್ನೆ. ಅದಕ್ಕೆ ಬೋಧನೆಯಲ್ಲೇ ಉತ್ತರ ಹುಡುಕಬೇಕಿತ್ತು.

ಅವರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿದ್ದವು: ಮಗಳ ದೀಕ್ಷೆ, ತಮ್ಮದೇ ದೀಕ್ಷೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ಆದ ಸಿ.ಎಸ್.ಐ. ಸಭೆ ಶಿಶುಗಳಿಗೂ ದೀಕ್ಷೆ ಕೊಡುತ್ತದೆ, ತಾವೇ ನಂಬಿ ಬರುವ ದೊಡ್ಡವರಿಗೂ ಕೊಡುತ್ತದೆ. ಹಾಗಾಗಿ ಮಗಳು ದೊಡ್ಡವಳಾಗಲಿ ಎಂದು ಕಾಯುವುದಕ್ಕೆ ಸಭೆ ಬಿಡಬೇಕಾಗಿಲ್ಲ. ಅವರ ಸ್ವಂತ ದೀಕ್ಷೆಯ ವಿಷಯ ಬೇರೆ. ಒಮ್ಮೆ ಆದ ದೀಕ್ಷೆಯನ್ನು ಮತ್ತೆ ಕೊಡಬಾರದೆಂಬುದು ಸಭೆಯ ನಿಲುವು. ಹೊಳೆಗೆ ಇಳಿದರೆ, ಹೆತ್ತವರು ಎತ್ತಿಕೊಂಡು ಹೋಗಿ ಮಾಡಿಸಿದ್ದು ದೀಕ್ಷೆಯೇ ಅಲ್ಲವೆಂದು ತಾವೇ ಸಾರಿದಂತೆ. ಆ ಮಾತು ಆಡಲು ಸಿದ್ಧರಿದ್ದೀರಾ ಎಂದೆ. ಬಹಳ ಹೊತ್ತು ಉತ್ತರ ಬರಲಿಲ್ಲ.

ಆ ದಿನವನ್ನು ಮುಂದೂಡಿ ಎಂದು ಸಲಹೆ ಕೊಟ್ಟೆ. ಸಂಜೆಯ ಪ್ರಾರ್ಥನೆ ಬಿಡುವುದು ಬೇಡ, ಮನೆಯಲ್ಲಿ ಹೇಳಿ ಹೋಗಿ. ಬೈಬಲಿನ ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿಯಾದ ಕಂಚುಕಿ ನಂಬಿ ನೀರಿಗಿಳಿಯುತ್ತಾನೆ. 16ರಲ್ಲಿ ಸೆರೆಮನೆಯ ಯಜಮಾನ ಮನೆಯವರೆಲ್ಲರೊಡನೆ ದೀಕ್ಷೆ ಪಡೆಯುತ್ತಾನೆ. ನಂಬಿದ ಮೇಲಿನ ದೀಕ್ಷೆ ಕಾಣುವ ಮೊದಲನೆಯದನ್ನು ಸಭಾಪಾಲಕರ ಮುಂದೆಯೂ ಇಡೀ ಮನೆಗೆ ದೀಕ್ಷೆಯಾಗುವ ಎರಡನೆಯದನ್ನು ಪೆಂಟೆಕೋಸ್ಟಲ್ ಪಾಸ್ಟರ್ ಮುಂದೆಯೂ ಇಟ್ಟು ವಿವರಣೆ ಕೇಳಿ. ಕಾಯಲು ಬಿಡದೆ ನರಕದ ಭಯ ಹುಟ್ಟಿಸುವವರು ಯಾವ ಸಭೆಯವರಾದರೂ ಸರಿ, ಅವರ ಅವಸರಕ್ಕೆ ಮಣಿಯಬೇಡಿ.

ಪಕ್ಕದಲ್ಲಿದ್ದ ಪತ್ನಿ ಆಗ, "ಮಗು ನನ್ನದೂ ಹೌದು, ಮೇಡಂ. ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ" ಎಂದರು. ಮುಂದಿನ ಭೇಟಿಯನ್ನು ಅವರಿಗೇ ಮೀಸಲಿಟ್ಟೆ.

ಸದ್ಯಕ್ಕೆ ಮಗುವಿಗೆ ಕೃತಜ್ಞತಾ ಪ್ರಾರ್ಥನೆ ಮಾತ್ರ ಎಂದು ದಂಪತಿ ನಿಶ್ಚಯಿಸಿದ್ದಾರೆ. ಶಿಕ್ಷಕರ ತಾಯಿಯ ಬೇಸರ ಇನ್ನೂ ಇಳಿದಿಲ್ಲ. ತಮ್ಮ ದೀಕ್ಷೆಯ ಬಗ್ಗೆ ಶಿಕ್ಷಕರು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಸಭೆ ಬದಲಿಸುವುದೇ ಆದರೆ, ಆ ಸುದ್ದಿ ಸಭಾಪಾಲಕರಿಗೆ ಮೊದಲು ನಿಮ್ಮ ಬಾಯಿಂದಲೇ ತಿಳಿಯಲಿ ಎಂದು ಕೇಳಿಕೊಂಡಿದ್ದೇನೆ.