ರಾತ್ರಿ ಪಾಳಿಯ ನಡುವೆ ಮನೆಯಿಂದ ಕರೆ ಬಂದರೆ

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿದ್ದಾಗ ತಂದೆಯವರಿಗೆ ಪಾರ್ಶ್ವವಾಯು ಬಡಿದಿದೆಯೆಂದು ಊರಿನಿಂದ ಕರೆ ಬಂತು. ಬದಲಿಗೆ ಯಾರೂ ಇಲ್ಲವೆಂದು ಬೆಳಗಿನವರೆಗೆ ನನ್ನನ್ನು ಬಿಡಲಿಲ್ಲ. ಆಮೇಲೆ ಮೂರು ದಿನ ಊರಿನಲ್ಲಿದ್ದುದನ್ನು ಅನಧಿಕೃತ ಗೈರುಹಾಜರಿಯೆಂದು ಬರೆದು ಸಂಬಳ ಹಿಡಿದರು. ತುರ್ತು ರಜೆ ಕೇಳುವ ಹಕ್ಕು ನಮಗಿಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಆ ರಾತ್ರಿಯ ಸಂಕಟ ನಮಗೆ ಅರ್ಥವಾಗುತ್ತದೆ. ‘ತುರ್ತು ರಜೆ’ ಎಂಬ ಹೆಸರಿನ ಪ್ರತ್ಯೇಕ ರಜೆ ಸಾಮಾನ್ಯವಾಗಿ ಇರುವುದಿಲ್ಲ. ಖಾತೆಯಲ್ಲಿರುವ ಸಾಂದರ್ಭಿಕ ಅಥವಾ ಗಳಿಕೆ ರಜೆಯನ್ನೇ ಮುಂಚಿತವಾಗಿ ಅರ್ಜಿ ಕೊಡದೆ, ಫೋನಿನಲ್ಲಿ ತಿಳಿಸಿ ಪಡೆದು, ಬಳಿಕ ಬರವಣಿಗೆಯಲ್ಲಿ ಮಂಜೂರು ಮಾಡಿಸಿಕೊಳ್ಳುವುದು ರೂಢಿ. ಆದ್ದರಿಂದ ನೇಮಕಾತಿ ಆದೇಶದಲ್ಲಿ ರಜೆಯ ಬಗ್ಗೆ ಏನಿದೆಯೆಂದು ಮೊದಲು ನೋಡಿ. ಖಾಸಗಿ ಆಸ್ಪತ್ರೆಗಳ ಶುಶ್ರೂಷಕರ ಸ್ಥಿತಿಗತಿ ಕುರಿತು ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು, ರಜೆ ಮತ್ತು ಕೆಲಸದ ಅವಧಿ ರಾಜ್ಯ ಸರ್ಕಾರದ ಶುಶ್ರೂಷಕರಿಗೆ ಸಮನಾಗಿರಬೇಕೆಂದು ಶಿಫಾರಸು ಮಾಡಿದೆ. ಅದು ಶಿಫಾರಸು ಮಾತ್ರ, ಆದರೂ ಆಡಳಿತದವರೊಡನೆ ಮಾತನಾಡುವಾಗ ಅದನ್ನು ಧೈರ್ಯವಾಗಿ ಮುಂದಿಡಿ.

ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಬಗ್ಗೆ ಒಂದು ಮಾತು. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ವಿಮಾದಾರರಿಗೆ ಸಿಗುವ, ವರ್ಷಕ್ಕೆ 91 ದಿನಗಳವರೆಗಿನ, ವೇತನದ ಶೇ. 70ರಷ್ಟು ಕಾಯಿಲೆ ಭತ್ಯೆ ಅವರ ಸ್ವಂತ ಅನಾರೋಗ್ಯಕ್ಕೆ ಮಾತ್ರ. ತಂದೆಯ ಕಾಯಿಲೆಗಾಗಿ ನೀವು ತೆಗೆದುಕೊಂಡ ರಜೆಗೆ ಅದು ಅನ್ವಯಿಸದು.

ಹೇಳದೆ ವಾರ್ಡ್ ಬಿಟ್ಟು ಹೋಗದಿದ್ದುದು ಸರಿಯಾದ ನಿರ್ಧಾರ. ಮೂರನೇ ಹಾಸಿಗೆಯವರಿಗೆ ಎರಡು ಗಂಟೆಗೆ ಕೊಡಬೇಕಾದ ಇಂಜೆಕ್ಷನ್ ಯಾವುದು, ಐದನೆಯವರ ಡ್ರಿಪ್ ಎಷ್ಟು ಉಳಿದಿದೆ, ಔಷಧದ ಕಪಾಟಿನ ಬೀಗದ ಕೈ ಯಾರಲ್ಲಿದೆ ಎಂಬುದನ್ನು ಇನ್ನೊಬ್ಬರಿಗೆ ಒಪ್ಪಿಸದೆ ಹೊರಟರೆ ರೋಗಿಗೆ ಅಪಾಯ, ನಿಮ್ಮ ಮೇಲೂ ಆರೋಪ. ಆದರೆ ಒಪ್ಪಿಸಿಕೊಳ್ಳುವವರನ್ನು ಹುಡುಕಿ ತರುವ ಹೊಣೆ ಆಡಳಿತದ್ದೇ ಹೊರತು ನಿಮ್ಮದಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಡುರಾತ್ರಿ ಕರೆದರೆ ಬರಬಲ್ಲ ಒಬ್ಬರನ್ನೂ ಪಾಳಿ ಪಟ್ಟಿಯಲ್ಲಿ ಇರಿಸದ ಆಸ್ಪತ್ರೆ ರೋಗಿಗಳ ದೃಷ್ಟಿಯಿಂದಲೂ ತಪ್ಪು ಮಾಡುತ್ತಿದೆ. ಅಲ್ಲಿ ನರ್ಸ್ ತಾನೇ ಕುಸಿದು ಬಿದ್ದರೆ ವಾರ್ಡನ್ನು ನೋಡುವವರು ಯಾರು?

ಈಗ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಒಂದು ಪತ್ರ ಬರೆಯಿರಿ. ಕರೆ ಬಂದ ಸಮಯ, ಯಾರಿಗೆ ತಿಳಿಸಿದಿರಿ, ಎಷ್ಟು ಗಂಟೆಗೆ ವಾರ್ಡ್ ಒಪ್ಪಿಸಿದಿರಿ ಎಂಬುದನ್ನು ನಮೂದಿಸಿ, ತಂದೆಯವರ ಆಸ್ಪತ್ರೆ ದಾಖಲಾತಿಯ ಪ್ರತಿಯನ್ನು ಲಗತ್ತಿಸಿ, ಆ ಮೂರು ದಿನಗಳನ್ನು ಬಾಕಿಯಿರುವ ರಜೆಗೆ ಹೊಂದಿಸಿ ಹಿಡಿದ ಸಂಬಳವನ್ನು ಮರಳಿಸಬೇಕೆಂದು ಕೋರಿ. ಪತ್ರದ ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆಯಲು ಮರೆಯಬೇಡಿ; ಉತ್ತರ ಬಾರದಿದ್ದರೆ ಅದೇ ನಕಲಿನೊಂದಿಗೆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ದೂರು ಸಲ್ಲಿಸಬಹುದು.