ಎದುರು ಬಂದವರು, ಅಡ್ಡ ಹೋದವರು

ಓದುಗರ ಪತ್ರ: ಗೋದಾಮಿನ ಗೇಟಿಗೆ ಬರುವ ಜನರನ್ನೂ ವಾಹನಗಳನ್ನೂ ಗುರುತಿಸಲು ಒಂದೇ ಡಬ್ಬಿಯಲ್ಲಿ ಪಿಐಆರ್ ಸೆನ್ಸರ್ (ಮೈಶಾಖದಿಂದ ಚಲನೆ ಗುರುತಿಸುವಂಥದು) ಮತ್ತು 10.525 ಗಿಗಾಹರ್ಟ್ಸ್ ಡಾಪ್ಲರ್ ರಾಡಾರ್ ಮಾಡ್ಯೂಲ್ (ಮೈಕ್ರೋವೇವ್ ಬಿಟ್ಟು, ಮರಳುವ ಅಲೆಯಿಂದ ವೇಗ ಅಳೆಯುವಂಥದು) ಕೂರಿಸಿ, ದಾರಿಗೆ ಎದುರಾಗಿ ಹಾಕಿದ್ದೇನೆ. ನೇರ ನಡೆದು ಬರುವವರನ್ನು ಪಿಐಆರ್ ತೀರ ಹತ್ತಿರ ಬಂದ ಮೇಲಷ್ಟೇ ಹಿಡಿಯುತ್ತದೆ. ಸುಡು ಮಧ್ಯಾಹ್ನ ಅದೂ ಇಲ್ಲ. ರಾತ್ರಿ ಯಾರೂ ಇಲ್ಲದಾಗ ರಾಡಾರ್ ಗಂಟೆಗೆ 5 ಕಿ.ಮೀ. ವೇಗ ತೋರಿಸುತ್ತದೆ. ಕ್ಯಾಮೆರಾ ಎಣಿಕೆಯಲ್ಲಿ ಒಬ್ಬರೇ ಇಬ್ಬರಾಗುತ್ತಾರೆ. ಯಾವ ಸೆನ್ಸರ್ ಕೊಂಡರೆ ಸರಿಹೋದೀತು?

ಸಂಪಾದಕರ ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮೊದಲು ಆ ಒಂದು ಡಬ್ಬಿಯನ್ನು ಎರಡು ಮಾಡಿ.

ಪಿಐಆರ್ ಒಳಗೆ ಶಾಖ ಗ್ರಹಿಸುವ ಎರಡು ಪಟ್ಟಿಗಳಿರುತ್ತವೆ. ಅವೆರಡರ ನಡುವಿನ ವ್ಯತ್ಯಾಸವಷ್ಟೇ ಅದಕ್ಕೆ ಗೊತ್ತು. ಮುಂದಿರುವ ಫ್ರೆನೆಲ್ ಮಸೂರ ಅದರ ನೋಟವನ್ನು ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಸೀಳುತ್ತದೆ. ಅಡ್ಡ ಹೋಗುವವರು ಒಂದೊಂದೇ ಸೀಳನ್ನು ದಾಟುವುದರಿಂದ ಸಂಕೇತ ಚೆನ್ನಾಗಿ ಏರಿಳಿಯುತ್ತದೆ. ನೇರ ಬರುವವರು ಒಂದೇ ಸೀಳಿನಲ್ಲಿ ಉಳಿದುಬಿಡುತ್ತಾರೆ. ಡಾಪ್ಲರ್ ರಾಡಾರಿನದು ಇದಕ್ಕೆ ತದ್ವಿರುದ್ಧ. ಹತ್ತಿರ ಬರುವ ಅಥವಾ ದೂರ ಸರಿಯುವ ವೇಗ ಮಾತ್ರ ಅದಕ್ಕೆ ಕಾಣುತ್ತದೆ. 45 ಡಿಗ್ರಿ ಓರೆಯಿಂದ ನೋಡಿದರೆ 40 ಕಿ.ಮೀ. ವೇಗದ ವಾಹನ 28 ಎನ್ನಿಸಿಕೊಳ್ಳುತ್ತದೆ. 90 ಡಿಗ್ರಿಯಲ್ಲಿ ವೇಗವೇ ಇಲ್ಲ. ಹಾಗಾಗಿ ರಾಡಾರ್ ಇದ್ದಲ್ಲೇ ಇರಲಿ. ಪಿಐಆರ್ ದಾರಿಯ ಪಕ್ಕಕ್ಕೆ, ಎರಡರಿಂದ ಎರಡೂವರೆ ಮೀಟರ್ ಎತ್ತರಕ್ಕೆ ಹೋಗಲಿ.

ಮಧ್ಯಾಹ್ನದ ತೊಂದರೆಗೆ ಕಾರಣ ಹಿನ್ನೆಲೆ. ಎದುರಿನ ಗೋಡೆ ಮನುಷ್ಯನ ಚರ್ಮ ಮತ್ತು ಬಟ್ಟೆಯಷ್ಟೇ ಕಾದಿದ್ದರೆ ವ್ಯತ್ಯಾಸವೇ ಉಳಿಯುವುದಿಲ್ಲ. ಎಲ್ಲರ ಕೈಯೂ ಆಗ ಸೆನ್ಸಿಟಿವಿಟಿ ತಿರುಪಿಗೆ ಹೋಗುತ್ತದೆ. ಅದನ್ನು ಏರಿಸಿದರೆ ಬಿಸಿಲಲ್ಲಿ ಅಲುಗುವ ಎಲೆಗಳ ಸುಳ್ಳು ಸಂಕೇತ ಹೆಚ್ಚಾದೀತೇ ಹೊರತು ಜನ ಕಾಣರು. ನೆರಳಿನಲ್ಲಿರುವ ಗೋಡೆಯತ್ತ ಅದರ ಮುಖ ತಿರುಗಿಸಿ.

ಇನ್ನು ಆ 5 ಕಿ.ಮೀ. ವೇಗದ ಭೂತ. 10.525 ಗಿಗಾಹರ್ಟ್ಸ್‌ನಲ್ಲಿ ಗಂಟೆಗೆ 1 ಕಿ.ಮೀ. ವೇಗಕ್ಕೆ ಸುಮಾರು 19.5 ಹರ್ಟ್ಸ್ ಡಾಪ್ಲರ್ ಸಂಕೇತ ಹುಟ್ಟುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ, ಹಳೆಯ ಬಗೆಯ ಚೋಕ್ ಇರುವ ಟ್ಯೂಬ್‌ಲೈಟಿನ ಅನಿಲ ಸೆಕೆಂಡಿಗೆ 100 ಸಲ ಮಿಡಿಯುತ್ತಾ ಮೈಕ್ರೋವೇವನ್ನು ಪ್ರತಿಫಲಿಸುತ್ತದೆ. 100 ಅನ್ನು 19.5ರಿಂದ ಭಾಗಿಸಿ ನೋಡಿ: 5.1. ಅದು ಮನುಷ್ಯನ ನಡಿಗೆಯ ವೇಗವೇ ಆಗಿರುವುದು ನಮ್ಮೆಲ್ಲರ ದುರದೃಷ್ಟ. ದೀಪ ಆರಿಸಿ, ಭೂತ ಹೋಗದಿದ್ದರೆ ಅಡಾಪ್ಟರ್ ಕಿತ್ತು ಬ್ಯಾಟರಿ ಕೊಟ್ಟು ನೋಡಿ. ಅಡಾಪ್ಟರಿನಲ್ಲಿ ಎಸಿಯನ್ನು ಡಿಸಿ ಮಾಡುವ ಪೂರ್ಣತರಂಗ ರೆಕ್ಟಿಫೈಯರ್ ಉಳಿಸುವ ಏರಿಳಿತ (ರಿಪಲ್) ಕೂಡ 100 ಹರ್ಟ್ಸೇ, ಮತ್ತು ಮಾಡ್ಯೂಲಿನ ಕ್ಷೀಣ ಸಂಕೇತವನ್ನು ಸಾವಿರಾರು ಪಟ್ಟು ವರ್ಧಿಸುವಾಗ ಅದೂ ಜೊತೆಗೆ ಬೆಳೆಯುತ್ತದೆ. ದೀಪವನ್ನು ಬದಲಿಸಲಾಗದಿದ್ದರೆ 97ರಿಂದ 103 ಹರ್ಟ್ಸ್‌ವರೆಗಿನ ಸಂಕೇತವನ್ನಷ್ಟೇ ತಡೆಯುವ ಕಿರಿದಾದ ನಾಚ್ ಫಿಲ್ಟರ್ ಹಾಕಿ. ನಡೆಯುವವರೇ ಕಳೆದುಹೋಗುತ್ತಾರೆಂಬ ಭಯ ಬೇಡ. ಕೈಕಾಲು ಒಂದು ವೇಗ, ಎದೆ ಇನ್ನೊಂದು ವೇಗ; ನಡೆಯುವ ಮನುಷ್ಯನ ಸಂಕೇತ ಅಗಲವಾಗಿ ಹರಡಿಕೊಂಡಿರುತ್ತದೆ.

ಹತ್ತಿರದ ಮನುಷ್ಯ ಮತ್ತು ದೂರದ ಕಾರು ಇಂಥ ರಾಡಾರಿಗೆ ಒಂದೇ ಬಲದಲ್ಲಿ ಕಾಣಬಹುದು. ವಾಹನವನ್ನು ಬೇರ್ಪಡಿಸಲು ಏನಾದರೂ ಕೊಳ್ಳಲೇಬೇಕೆಂದಿದ್ದರೆ ಇಂಡಕ್ಟಿವ್ ಲೂಪ್, ಅಂದರೆ ಲೋಹವನ್ನು ಗುರುತಿಸಲು ನೆಲದಲ್ಲಿ ಹೂಳುವ ತಂತಿಯ ಸುರುಳಿ, ಕೊಳ್ಳಿ. ನೆಲದಲ್ಲಿ ಸಣ್ಣ ಕಾಲುವೆ ಕೊರೆದು 1.8 ಮೀಟರ್ ಚೌಕದಲ್ಲಿ ತಂತಿಯನ್ನು ಮೂರು ಸುತ್ತು ಹಾಕಿದರೆ ಸುಮಾರು 75 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಬರುತ್ತದೆ. ಲೋಹದ ವಾಹನ ಮೇಲೆ ಬಂದಾಗ ಇಂಡಕ್ಟೆನ್ಸ್ ಇಳಿದು ಡಿಟೆಕ್ಟರಿನ ಆವರ್ತನ ಏರುತ್ತದೆ. ಡಿಟೆಕ್ಟರ್‌ವರೆಗಿನ ಜೋಡಿ ತಂತಿಯನ್ನು ಬಿಗಿಯಾಗಿ ಹೆಣೆಯದಿದ್ದರೆ ಪಕ್ಕದ ಕೇಬಲ್ಲಿನ ಗದ್ದಲವೂ ಒಳಬರುತ್ತದೆ. ಚಲಿಸುವ ಕಬ್ಬಿಣದ ಗೇಟಿನಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ಬೈಕುಗಳು ಚೌಕದ ನಡುವೆ ಹೋದರೆ ತಪ್ಪಿಸಿಕೊಳ್ಳುತ್ತವೆ, ತಂತಿಯ ಮೇಲೆಯೇ ಹೋದರೆ ಸಿಗುತ್ತವೆ. ಬೈಕು ಹೆಚ್ಚಿದ್ದರೆ ಚೌಕವನ್ನು ಓರೆಯಾಗಿ ಕೊರೆಯಿಸಿ.

ಕ್ಯಾಮೆರಾದ್ದು ಗುರುತಿಸುವ ತೊಂದರೆಯಲ್ಲ, ಬೆನ್ನುಹತ್ತುವ ತೊಂದರೆ. ಸಾಫ್ಟ್‌ವೇರ್ ಪ್ರತಿ ಫ್ರೇಮಿನಲ್ಲೂ ಪ್ರತಿಯೊಬ್ಬರ ಸುತ್ತ ಚೌಕಟ್ಟು ಹಾಕಿ, ಅವರು ಮುಂದೆ ಎಲ್ಲಿರಬಹುದೆಂದು ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕಾಚಾರದಿಂದ ಊಹಿಸಿ, ಅವರ ಹಳೆಯ ಗುರುತಿನ ಸಂಖ್ಯೆಯನ್ನು ಹೊಸ ಚೌಕಟ್ಟಿಗೆ ಕೊಡುತ್ತದೆ. ಕಂಬದ ಹಿಂದೆ ಎರಡು ಸೆಕೆಂಡು ಮರೆಯಾದವರನ್ನು ನೆನಪಿಡಲು, ಸೆಕೆಂಡಿಗೆ 25 ಫ್ರೇಮ್ ಇದ್ದರೆ, 50 ಫ್ರೇಮ್ ಕಾಯಬೇಕು. ಇನ್ನೂರಕ್ಕೆ ಏರಿಸಿದರೆ ಹಿಂದೆ ಬಂದವರಿಗೆ ಮುಂದಿನವರ ಸಂಖ್ಯೆ ಅಂಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊಸ ಸಂಖ್ಯೆ ಹುಟ್ಟಿದಾಗ ಎಣಿಸಬೇಡಿ. ಕಂಬಗಳಿಲ್ಲದ ಜಾಗದಲ್ಲಿ ಒಂದು ಮೀಟರ್ ಅಂತರದ ಎರಡು ಗೆರೆ ಎಳೆದು, ಚೌಕಟ್ಟಿನ ತಳದ ನಡುಬಿಂದು ಎರಡನ್ನೂ ದಾಟಿದಾಗಷ್ಟೇ ಒಂದು ಕೂಡಿಸಿ. ಒಂದೇ ಗೆರೆಯಾದರೆ, ಅದರ ಮೇಲೆ ನಿಂತು ಮಾತಾಡುವವರು ಹತ್ತಾರು ಸಲ ಎಣಿಕೆಯಾಗುತ್ತಾರೆ.